ಯಾರಿಗೆ ರಕ್ತ, ಯಾರಿಗೆ ಬೇಡ

ಬೀದರಿನಿಂದ ನಸುಕಿಗೇ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಹೈದರಾಬಾದಿನ ಮಿಯಾಪುರಕ್ಕೆ ಬರುವ ಹೊತ್ತಿಗೆ ಮುಂಬೈ ಹೆದ್ದಾರಿ ಗಿಜಿಗುಡುತ್ತಿರುತ್ತದೆ. ಮೆಟ್ರೊ ಕಂಬಗಳ ನೆರಳಿನಲ್ಲಿ ಇಳಿಯುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಕಟ್ಟಡ ಕೆಲಸದವರಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ರಿಪೋರ್ಟುಗಳನ್ನು ತುಂಬಿಕೊಂಡು ಎದೆಗವಚಿಕೊಂಡವರೂ ಇದ್ದಾರೆ. 2017ರ ನವೆಂಬರಿನಲ್ಲಿ ಮೆಟ್ರೊ ಓಡಲು ಶುರುವಾದ ಮೇಲೆ ಇವರ ದಾರಿ ಹಗುರಾಗಿದೆ. ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಗೂ ಲಕಡಿಕಾಪುಲ್ ಬಳಿಯ ನಿಲೋಫರ್ ಮಕ್ಕಳ ಆಸ್ಪತ್ರೆಗೂ ಇಲ್ಲಿಂದ ಒಂದೇ ರೈಲು. ಅಷ್ಟು ದೂರ ಹೋಗದವರು ಮಿಯಾಪುರದಲ್ಲೇ ಯಾವುದಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಅಂಥ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚು. ಕುಳಿತವರೆಲ್ಲರ ಮುಖ ಬಿಳಿಚಿದೆ. ವೈದ್ಯೆ ಕಲಬುರಗಿ ಕಡೆಯವರು. ನಲವತ್ತರ ಆಸುಪಾಸಿನ ಹೆಂಗಸಿನ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 6.4. ಜತೆಗೆ ಬಂದ ಮೈದುನನಿಗೆ ಗಾಬರಿ: “ನಮ್ಮ ವೈನಿಗಿ ಎರಡ್ ಬಾಟ್ಲಿ ರಗತ ಏರಿಸಿಬಿಡ್ರಿ ಮೇಡಂ, ಸಂಜಿ ಬಸ್ಸಿಗಿ ಹೋಗ್ಬೇಕು.”

ವೈದ್ಯೆ ರಿಪೋರ್ಟನ್ನು ಪಕ್ಕಕ್ಕಿಟ್ಟರು. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು, ಅಂಗೈ ಬಿಡಿಸಿ ನೋಡಿದರು, ಪಾದದ ಮೇಲೆ ಹೆಬ್ಬೆರಳು ಒತ್ತಿ ಬಾವು ಇದೆಯೇ ಎಂದು ಪರೀಕ್ಷಿಸಿದರು.

“ಅಕ್ಕಾ, ಮೆಟ್ಲ ಹತ್ತಿ ಬಂದ್ರೋ, ಲಿಫ್ಟಿನಾಗ ಬಂದ್ರೋ?”

“ಹತ್ತೇ ಬಂದೀನ್ರಿ. ನಡುವ ಒಮ್ಮಿ ಕುಂತಿದ್ದೆ.”

ಆ ಉತ್ತರಕ್ಕೆ ರಿಪೋರ್ಟಿನ ಅಂಕಿಗಿಂತ ಹೆಚ್ಚು ಬೆಲೆ. ತಿಂಗಳುಗಟ್ಟಲೆ ನಿಧಾನವಾಗಿ ರಕ್ತ ಇಳಿದವರ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಹೃದಯ ಹೆಚ್ಚು ದುಡಿಯುತ್ತದೆ, ಉಳಿದ ಕೆಂಪುಕಣಗಳು ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತವೆ. ರಕ್ತನಾಳಗಳು ಖಾಲಿಯಾಗಿರುವುದಿಲ್ಲ, ಕಣ ಕಡಿಮೆಯಾದ ಜಾಗವನ್ನು ನೀರಿನಂಶ ತುಂಬಿರುತ್ತದೆ. ಅದರ ಮೇಲೆ ಅವಸರದಲ್ಲಿ ಎರಡು ಯೂನಿಟ್ ಸುರಿದರೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಈ ಹೆಂಗಸಿಗೆ ಎದೆನೋವಿಲ್ಲ, ಕುಳಿತಲ್ಲಿ ಏದುಸಿರಿಲ್ಲ. ಮುಟ್ಟಿನಲ್ಲಿ ವರ್ಷದಿಂದ ವಿಪರೀತ ರಕ್ತಸ್ರಾವವಿದೆ, ದೇಹದ ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ತಳ ಹಿಡಿದಿದೆ. ಬೇಕಾದದ್ದು ಕಬ್ಬಿಣ. ರಕ್ತನಾಳದ ಮೂಲಕ ಕೊಟ್ಟರೆ ಎರಡು ಮೂರು ವಾರದಲ್ಲಿ ಹಿಮೋಗ್ಲೋಬಿನ್ ಏರತೊಡಗುತ್ತದೆ. ಜತೆಗೆ ಗರ್ಭಕೋಶದ ಸ್ಕ್ಯಾನಿಂಗ್. ಸ್ರಾವದ ಕಾರಣ ಹುಡುಕದೆ ರಕ್ತ ಏರಿಸಿ ಕಳಿಸುವುದು ಚಿಕಿತ್ಸೆಯೇ ಅಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಹಿಂದೆ ಹೀಗಿರಲಿಲ್ಲ. ಹಿಮೋಗ್ಲೋಬಿನ್ 10ಕ್ಕಿಂತ ಇಳಿದರೆ ರಕ್ತ ಕೊಡಬೇಕು ಎಂಬ ಮಾತು 1942ರಲ್ಲಿ ಅಮೆರಿಕದಲ್ಲಿ ಹುಟ್ಟಿ ದಶಕಗಳ ಕಾಲ ನಿಯಮದಂತೆ ನಡೆಯಿತು. ಅದನ್ನು ಅಲುಗಾಡಿಸಿದ್ದು 1999ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ. ತೀವ್ರ ನಿಗಾ ಘಟಕದ 838 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರು; ಧಾರಾಳವಾಗಿ ಪಡೆದವರಿಗಿಂತ ಅವರ ಸ್ಥಿತಿ ಕೆಡಲಿಲ್ಲ. ಈಗ ಆಸ್ಪತ್ರೆಗೆ ದಾಖಲಾದ, ಸ್ಥಿರವಾಗಿರುವ ವಯಸ್ಕ ರೋಗಿಗೆ 7, ಹೃದ್ರೋಗವಿದ್ದರೆ 8 ಎಂಬುದು ಸಾಮಾನ್ಯ ಗೆರೆ; ಆದರೂ ಕೊನೆಯ ತೀರ್ಮಾನ ಲಕ್ಷಣ ನೋಡಿಯೇ.

ಹಾಗಾಗಿಯೇ ಬೆಂಚಿನ ತುದಿಯ ಅಜ್ಜನಿಗೆ 7.6 ಇದ್ದರೂ ಇವತ್ತು ರಕ್ತ. ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿಯುತ್ತದೆ. ಒಂದೇ ಯೂನಿಟ್, ನಿಧಾನಕ್ಕೆ, ಆದರೆ ನಾಲ್ಕು ಗಂಟೆ ಮೀರದಂತೆ. ಆಮೇಲೆ ಮತ್ತೆ ಪರೀಕ್ಷೆ. ಮೂತ್ರಪಿಂಡ ಕಸಿಗೆ ಕಾದಿರುವ ಯುವಕನ ವಿಷಯದಲ್ಲಿ ಇನ್ನೊಂದು ಎಚ್ಚರ. ಪರರ ರಕ್ತ ಪಡೆದಷ್ಟೂ ಅವನ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಮುಂದೆ ಹೊಂದುವ ಮೂತ್ರಪಿಂಡ ಸಿಗುವುದೇ ಕಷ್ಟವಾಗಬಹುದು. ಅವನಿಗೆ ಕೆಂಪುಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು.

ಇವರೆಲ್ಲರ ನಡುವೆ ಒಂಬತ್ತರ ಹುಡುಗನೊಬ್ಬ ಓಡಾಡುತ್ತಿದ್ದಾನೆ. ಹಿಮೋಗ್ಲೋಬಿನ್ 9.3, ಬೆಂಚಿನ ಮೇಲಿದ್ದವರಲ್ಲೇ ಹೆಚ್ಚು. ಆದರೂ ಇವತ್ತು ಅವನಿಗೆ ರಕ್ತ ಬೇಕೇ ಬೇಕು. ಅವನಿಗಿರುವುದು ಥಲಸ್ಸೇಮಿಯಾ ಮೇಜರ್. ಸರಿಯಾದ ಹಿಮೋಗ್ಲೋಬಿನ್ ತಯಾರಿಸಲಾಗದ ಅಸ್ಥಿಮಜ್ಜೆ, ರಕ್ತ ಇಳಿದಷ್ಟೂ ಹುಚ್ಚೆದ್ದು ಬೆಳೆದು ಮುಖದ ಮೂಳೆಯನ್ನೇ ಉಬ್ಬಿಸುತ್ತದೆ. ಗುಲ್ಮ ಊದುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೇ ರಕ್ತ ಕೊಡುವ ಮುಂಚಿನ ಅಂಕಿ 9ರಿಂದ 10.5ರೊಳಗೆ ಇರುವಂತೆ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ.

ತಾಯಿಯ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ತಾರೀಖು, ತೂಕ, ಹಿಮೋಗ್ಲೋಬಿನ್, ಏರಿಸಿದ ಮಿಲಿ ಲೀಟರ್, ಫೆರಿಟಿನ್, ಎಲ್ಲವನ್ನೂ ಸ್ಕೇಲಿನಲ್ಲಿ ಗೆರೆ ಎಳೆದು ಬರೆದಿದ್ದಾಳೆ. ಒಂದು ಯೂನಿಟ್ ರಕ್ತದ ಜತೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಸೇರುತ್ತದೆ. ದೇಹ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ. ಉಳಿದದ್ದು ಯಕೃತ್ತು, ಹೃದಯದಲ್ಲಿ ಸಂಚಯವಾಗುತ್ತದೆ. ಅದನ್ನು ತೆಗೆಯಲು ದಿನವೂ ಡೆಫೆರಾಸಿರಾಕ್ಸ್ ಮಾತ್ರೆ. ಇಂಥ ಮಕ್ಕಳಿಗಾಗಿ ಇದೇ ಹೈದರಾಬಾದಿನಲ್ಲಿ 1998ರಲ್ಲಿ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ ಆರಂಭವಾಯಿತು.

ನರ್ಸ್ ಚೀಲದ ಮೇಲಿನ ಸಂಖ್ಯೆ, ಗುಂಪು, ಹುಡುಗನ ಹೆಸರನ್ನು ಗಟ್ಟಿಯಾಗಿ ಓದಿದಳು. ಇನ್ನೊಬ್ಬಳು ಕೇಸ್‌ಶೀಟ್ ನೋಡಿ ತಾಳೆ ಹಾಕಿದಳು. ಹನಿ ಬೀಳತೊಡಗಿದ ಮೊದಲ ಹದಿನೈದು ನಿಮಿಷ ನರ್ಸ್ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಮೈ ಬಿಸಿಯಾಗುವುದು, ನಡುಕ, ಸೊಂಟನೋವು ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಬೇಕು.

ಬೇಡವಾದಲ್ಲಿ ಕೊಡದೆ ಉಳಿಸಿದ ಚೀಲ ಇಂಥ ಮಕ್ಕಳಿಗೆ ಸಲ್ಲುತ್ತದೆ. ಆದರೆ ಉಳಿಸಿದ್ದಷ್ಟೇ ಸಾಲದು. ಕಾಲೇಜುಗಳಿಗೆ ರಜೆ ಬೀಳುವ ಏಪ್ರಿಲ್, ಮೇ ತಿಂಗಳಲ್ಲಿ ರಕ್ತದಾನ ಶಿಬಿರಗಳು ಕಡಿಮೆಯಾಗುತ್ತವೆ. ಈ ಹುಡುಗನ ವಾರಗಳ ಲೆಕ್ಕಕ್ಕೆ ರಜೆಯಿಲ್ಲ. ವಯಸ್ಸು 18 ದಾಟಿ, ತೂಕ 45 ಕಿಲೊ ಮೀರಿ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ದಯವಿಟ್ಟು ಈ ಬೇಸಿಗೆಯಲ್ಲಿ ಹತ್ತಿರದ ರಕ್ತನಿಧಿಗೆ ಹೋಗಿ ಬನ್ನಿ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು.