ಕೋಳಿ ಸಾಕಣೆಯಲ್ಲಿ ಬೇಸಿಗೆಯ ಲೆಕ್ಕ

ಹಿರಿಯೂರು ಸೀಮೆಯಲ್ಲಿ ಮಳೆಯ ಕೊರತೆ ಹೊಸದಲ್ಲ. ಆದರೆ ಹವಾಮಾನದ ಏರಿಳಿತ ಈಚಿನ ವರ್ಷಗಳಲ್ಲಿ ತೀವ್ರವಾಗಿದೆ. 1933ರ ನಂತರ 89 ವರ್ಷ ಕಳೆದು, 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2024ರ ಏಪ್ರಿಲ್‌ನಲ್ಲಿ ಒಳನಾಡಿಗೆ ಬಿಸಿಗಾಳಿಯ ಎಚ್ಚರಿಕೆ ಬಂದಿತು. ಆದುದರಿಂದ ಕೋಳಿ ಸಾಕಣೆದಾರರು ಬಿಸಿಲಿನ ನಷ್ಟವನ್ನು ಪ್ರತಿ ವರ್ಷದ ವೆಚ್ಚವೆಂದೇ ಮುಂಗಡವಾಗಿ ಲೆಕ್ಕ ಹಾಕುವುದು ಅಗತ್ಯವಾಗಿದೆ.

ನಷ್ಟದ ಸ್ವರೂಪ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಶೆಡ್ಡಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿದಂತೆ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಆಹಾರ ಬಿಟ್ಟು ನೀರು ಹೆಚ್ಚು ಕುಡಿಯುತ್ತದೆ. ಮಾಂಸದ ಕೋಳಿಯ ತೂಕ ಕುಂಠಿತವಾಗುತ್ತದೆ. ಮೊಟ್ಟೆಯ ಚಿಪ್ಪು ತೆಳುವಾಗಿ, ಸಾಗಣೆಯಲ್ಲಿ ಒಡೆಯುವ ಪ್ರಮಾಣ ಏರುತ್ತದೆ. ಈ ಭಾಗದ ನಷ್ಟ ವರ್ತಕರಿಗೂ ತಟ್ಟುತ್ತದೆ.

ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧಿ ಕಂಪನಿಯದು. ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ರೈತನದು. ಸಾಕಣೆ ದರ ಸಾಮಾನ್ಯವಾಗಿ ಕೋಳಿಗಳ ಸಾವಿನ ಪ್ರಮಾಣವನ್ನೂ, ತಿಂದ ಆಹಾರಕ್ಕೆ ಬಂದ ತೂಕವನ್ನೂ ಅವಲಂಬಿಸುತ್ತದೆ. ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. 5,000 ಮರಿಗಳ ಪೈಕಿ ಶೇ. 4 ಸತ್ತರೆ, ತಲಾ 2 ಕಿಲೋದಂತೆ 9,600 ಕಿಲೋ ದೊರೆಯುತ್ತದೆ. ಕಿಲೋಗೆ 8 ರೂ. ದರದಲ್ಲಿ 76,800 ರೂ. ವರಮಾನ. ಬೇಸಿಗೆಯಲ್ಲಿ ಶೇ. 10 ಸತ್ತು, ದರ 7 ರೂ.ಗೆ ಇಳಿದರೆ ವರಮಾನ 63,000 ರೂ. ಒಂದು ತಂಡಕ್ಕೆ ನಷ್ಟ 13,800 ರೂ.; ಬೇಸಿಗೆಯ ಎರಡು ತಂಡಗಳಿಗೆ 27,600 ರೂ. ತಂಪಿನ ವ್ಯವಸ್ಥೆಗೆ 60,000 ರೂ. ತಗುಲಿ, ಈ ನಷ್ಟದ ಅರ್ಧ ಮಾತ್ರ ತಪ್ಪಿದರೂ, ಚಾಲನಾ ವೆಚ್ಚ ಬಿಟ್ಟು, ಸುಮಾರು ನಾಲ್ಕೂವರೆ ಬೇಸಿಗೆಗಳಲ್ಲಿ ಹಣ ಹಿಂದಿರುಗುತ್ತದೆ.

ಕಡಿಮೆ ವೆಚ್ಚದ ಕ್ರಮಗಳು ಮೊದಲು

ಶೆಡ್ಡಿನ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಬಿಸಿಲು ಒಳಗೆ ಬೀಳುವುದು ಕಡಿಮೆ. ಛಾವಣಿಗೆ ಸುಣ್ಣ ಬಳಿಯುವುದು, ನೀರಿನ ಟ್ಯಾಂಕಿಗೆ ನೆರಳು ಮಾಡುವುದು, ಮರಿಗಳ ಸಾಂದ್ರತೆ ತಗ್ಗಿಸುವುದು, ಮುಂಜಾನೆ ಮತ್ತು ರಾತ್ರಿ ಆಹಾರ ನೀಡುವುದು ಅಲ್ಪ ಖರ್ಚಿನ ಉಪಾಯಗಳು. ಮಂಜಿನಂತೆ ನೀರು ಚಿಮುಕಿಸುವ ಫಾಗರ್ ಒಣಹವೆಯಲ್ಲಿ ಹೆಚ್ಚು ಫಲಕಾರಿ. ಗಾಳಿಯಾಡದ ಶೆಡ್ಡಿನಲ್ಲಿ ಅದು ತೇವ ಹೆಚ್ಚಿಸಿ ಕೆಡುಕು ಮಾಡೀತು. ಕೊಳವೆಬಾವಿಯ ಗಡಸು ನೀರಿನಿಂದ ನಳಿಕೆ ಕಟ್ಟಿಕೊಳ್ಳುವುದರಿಂದ ಸೋಸುವ ವ್ಯವಸ್ಥೆ ಬೇಕು. ಪೂರ್ಣ ಹವಾನಿಯಂತ್ರಿತ ಶೆಡ್ಡು ಭಾರಿ ಬಂಡವಾಳದ್ದು. ವಿದ್ಯುತ್ತು ನಿಂತರೆ ಕೆಲವೇ ಹೊತ್ತಿನಲ್ಲಿ ಇಡೀ ತಂಡ ನಾಶವಾಗಬಹುದು. ಜನರೇಟರ್ ಇಲ್ಲದೆ ಅದಕ್ಕೆ ಕೈ ಹಾಕುವುದು ಸೂಕ್ತವಲ್ಲ.

ತೆರಿಗೆ ಮತ್ತು ಕರಾರು

ಕೋಳಿ ಸಾಕಣೆಯ ವರಮಾನ ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ. ಆದ್ದರಿಂದ ಶೆಡ್ಡು, ಫ್ಯಾನು, ಪಂಪುಗಳಿಗೆ ಸವಕಳಿ ದೊರೆಯುತ್ತದೆ. ಆದರೆ ಅಂದಾಜು ಲಾಭದ ಪದ್ಧತಿ ಆರಿಸಿಕೊಂಡವರು ಅದನ್ನು ಪ್ರತ್ಯೇಕವಾಗಿ ಕೇಳುವಂತಿಲ್ಲ. ಜೀವಂತ ಕೋಳಿ ಹಾಗೂ ಮೊಟ್ಟೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ, ಇವನ್ನಷ್ಟೇ ಮಾರುವವರಿಗೆ ಉಪಕರಣಗಳ ಮೇಲೆ ತೆತ್ತ ತೆರಿಗೆ ಹಿಂದಿರುಗುವುದಿಲ್ಲ. ಅದನ್ನೂ ಬಂಡವಾಳಕ್ಕೆ ಸೇರಿಸಿಯೇ ಲಾಭ-ನಷ್ಟ ತೂಗಬೇಕು.

ಪ್ರತಿ ತಂಡದ ಸಾವು, ತೂಕ, ಆಹಾರ ಮತ್ತು ಮಧ್ಯಾಹ್ನದ ಉಷ್ಣತೆಯನ್ನು ದಿನವಹಿ ಪುಸ್ತಕದಲ್ಲಿ ಬರೆದಿಡುವುದು ಒಳಿತು. ಬೇಸಿಗೆಯ ನಷ್ಟವನ್ನು ಕಂಪನಿಯೂ ಹಂಚಿಕೊಳ್ಳಬೇಕೆಂದು ಕರಾರಿನ ನವೀಕರಣ ಕಾಲದಲ್ಲಿ ಕೇಳಲು ರೈತನ ಕೈಯಲ್ಲಿರುವ ಬಲವಾದ ಆಧಾರ ಆ ಪುಸ್ತಕವೇ.