ಎಳನೀರೊಂದೇ ಸಾಕೇ?

ಪ್ರಶ್ನೆ: ತುಮಕೂರಿನಿಂದ ಗುಬ್ಬಿ, ಕುಣಿಗಲ್ ಕಡೆ ಸೈಕಲ್‌ನಲ್ಲಿ ದೂರ ಹೋಗುತ್ತೇನೆ. ನೀರಿಗೆ ಬೆರೆಸಿ ಕುಡಿಯುವ, ಕೃತಕ ಸಿಹಿಯ ಪುಡಿ ಬೇಡ. ಎಳನೀರು ಸಾಕೇ?

ಉತ್ತರ: ತೆಂಗಿನ ಸೀಮೆಯಲ್ಲಿ ಎಳನೀರಿಗೇನು ಬರ! ಕುಡಿಯಿರಿ. ಆದರೆ ಅದರಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಬೆವರು ಒಣಗಿದ ಮೇಲೆ ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆ ಮೂಡುತ್ತದಲ್ಲ, ಅದೇ ಉಪ್ಪು. ಅದನ್ನು ತುಂಬಿಕೊಳ್ಳಲು ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿಕೊಳ್ಳಿ. ಸಕ್ಕರೆ ಬರೀ ರುಚಿಗಲ್ಲ. ಅದರಲ್ಲಿರುವ ಗ್ಲೂಕೋಸ್ ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ನೀರನ್ನು ಒಳಗೆಳೆದುಕೊಳ್ಳಲು ನೆರವಾಗುತ್ತದೆ. ಕೃತಕ ಸಿಹಿಯಿಂದ ಈ ಕೆಲಸ ಆಗದು. ಉಪ್ಪು ಹಾಕಿದ ನೀರುಮಜ್ಜಿಗೆಯೂ ಒಳ್ಳೆಯದೇ. ಬಾಯಾರಿಕೆ ಮೀರಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಈ ಪಾನೀಯಗಳನ್ನು ಕುಡಿಯಬೇಕು.