ಜಾಲಿಯ ಗೀಜಗ, ಜೊಂಡಿನ ಗೀಜಗ

ಜಮಖಂಡಿ ತಾಲ್ಲೂಕಿನ ತುಬಚಿಯ ಕಡೆ ಮಳೆಗಾಲದಲ್ಲಿ ಗೀಜಗನ ಗೂಡು ಹುಡುಕುವವರು ಮೊದಲು ನೋಡುವುದು ಬಾವಿಯತ್ತ ಬಾಗಿದ ಜಾಲಿ ಗಿಡವನ್ನು. ಗಂಡು ಕಬ್ಬಿನಂಥ ಉದ್ದೆಲೆಗಳ ಅಂಚು ಕಚ್ಚಿ, ಹಾರುತ್ತಲೇ ಎಳೆ ಸೀಳಿ ತರುತ್ತದೆ. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಕೆಳಗಿನ ಉದ್ದನೆಯ ಕೊಳವೆ ಮುಗಿಯುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗೆ ಹೊರಡುತ್ತದೆ. ಈ ಸಂಸಾರದ ಗುಟ್ಟನ್ನು ಸಲೀಂ ಅಲಿ 1931ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಿಡಿಸಿಟ್ಟರು.

ಇದಕ್ಕೊಂದು ಸೋದರ ಜಾತಿಯಿದೆ, ಗೆರೆ ಗೀಜಗ. ಕರ್ನಾಟಕದ ಜೌಗುಗಳಲ್ಲಿ ಅಲ್ಲಲ್ಲಿ ಕಾಣುತ್ತದೆ. ನಮ್ಮ ಭಾಗದಲ್ಲಾದರೆ ಕೃಷ್ಣೆಯ ಹಿನ್ನೀರಿನ ಜೊಂಡಿನಲ್ಲೇ ಹುಡುಕಬೇಕು. ಮರಿ ಮಾಡುವ ಕಾಲದಲ್ಲಿ ಎರಡರ ಗಂಡಿಗೂ ಹಳದಿ ನೆತ್ತಿ, ಕಪ್ಪು ಕೆನ್ನೆ. ಎದೆ ನೋಡಿ: ಜಾಲಿಯದಕ್ಕೆ ಗೆರೆಯಿಲ್ಲದ ಹಳದಿ, ಜೊಂಡಿನದಕ್ಕೆ ಒತ್ತೊತ್ತಾದ ಕಪ್ಪು ಗೆರೆ. ಹೆಣ್ಣುಗಳೆರಡೂ ಗುಬ್ಬಿಯಂತೆ ಕಂಡರೂ ಗೆರೆ ಗೀಜಗಿತ್ತಿಯ ಎದೆಯಲ್ಲೂ ಆ ಗುರುತಿದೆ, ಕತ್ತಿನ ಪಕ್ಕ ಹಳದಿ ಮಚ್ಚೆಯೂ ಉಂಟು.

ದೂರದಿಂದ ಎದೆ ಕಾಣದಿದ್ದರೆ ಗೂಡೇ ಸಾಕ್ಷಿ. ಗೆರೆ ಗೀಜಗ ಕೊಂಬೆಯಿಂದ ಗೂಡು ಇಳಿಬಿಡುವುದು ಕಡಿಮೆ. ಹಲವು ಜೊಂಡುಗಳ ತುದಿಗಳನ್ನು ಸೇರಿಸಿ ಗೂಡಿನ ನೆತ್ತಿಯೊಳಗೇ ಹೆಣೆಯುತ್ತದೆ. ಕೊಳವೆ ಗಿಡ್ಡ, ನೀರು ಹತ್ತಿರ. ಒಳಗೆ ಹಸಿ ಮಣ್ಣು ಮೆತ್ತುವುದು ಎರಡಕ್ಕೂ ರೂಢಿ. ಗೆರೆ ಗೀಜಗ ಅದಕ್ಕೆ ಹೂವಿನ ಎಸಳನ್ನೂ ಅಂಟಿಸುತ್ತದೆ.

ಇಂಥ ಜೋಡಿ ಆಫ್ರಿಕಾದಲ್ಲೂ ಇದೆ. ದಕ್ಷಿಣದ ಎರಡು ಮುಸುಕು ಗೀಜಗಗಳು ದೂರಕ್ಕೆ ಒಂದೇ ಎನಿಸುತ್ತವೆ. ಗಂಡಿನ ಕಣ್ಣು ಕೆಂಪಿದ್ದರೆ ಒಂದು, ಬಿಳಿಚಿದ್ದರೆ ಇನ್ನೊಂದು. ಬಿಳಿಗಣ್ಣಿನದರ ಕರಿ ಮುಸುಕು ನೆತ್ತಿಯವರೆಗೆ ಏರುತ್ತದೆ, ಕಾಲು ನೀಲಿಬೂದು.

ನಮ್ಮಲ್ಲಿ ಜೋಳದ ತೆನೆ ಬಂದಾಗ ಕವಣೆ ಹಿಡಿದು ಅಟ್ಟ ಏರುವ ರೈತನ ಸಿಟ್ಟು ಸಹಜ. ಆದರೆ ಗೀಜಗಗಳು ಮರಿಗಳಿಗೆ ಹೊತ್ತು ತರುವುದು ಹುಳುಹುಪ್ಪಟೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಚಿಂತೆ ಹೆಚ್ಚಾಗಿ ಜೊಂಡಿನದು. ಬಾವಿಯ ಜಾಲಿ ಕಡಿದರೆ ಊರವರಿಗೆ ಕಾಣುತ್ತದೆ, ಯಾರಾದರೂ ಬೇಡ ಎಂದಾರು. ಹಳ್ಳದಂಚಿನ ಜೊಂಡಿಗೆ ಬೆಂಕಿ ಇಟ್ಟರೆ ಕೇಳುವವರಿಲ್ಲ. ಸವರಲೇಬೇಕಿದ್ದರೆ ಮಳೆಗಾಲ ಕಳೆದು, ಗೂಡುಗಳಿಂದ ಮರಿ ಹಾರಿಹೋದ ಮೇಲೆ ಸವರಲಿ. ಆಗಲೂ ನೀರಿನ ಅಂಚಿಗೆ ಒಂದಷ್ಟು ಜೊಂಡು ಹಾಗೇ ನಿಂತಿರಲಿ.